ಎಡ ಜೇಬು ಕೊಬ್ಬರಿ, ಬಲ ಜೇಬು ಬೆಲ್ಲ

ನಮ್ಮ ಸೀಮೆಯಲ್ಲಿ ಮುಂದೆ ಬಂದ ಮುದ್ದೆಯನ್ನು ಬೇಡ ಎಂದ ಗಂಡಸನ್ನು ನಾನು ನೋಡಿದ್ದು ಒಬ್ಬರನ್ನೇ. ಅವರೇ ಅಡುಗೆ ಅಯ್ನೋರು. ಕಳೆದ ಸೋಮವಾರ ಶಾಲೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಾಗ ಅವರ ಬಲಗೈ ಬಂಟ ರುದ್ರಣ್ಣ ಫೋನು ಮಾಡಿದ.

"ಮೇಡಮ್ಮೋರೆ, ಅಯ್ನೋರು ಸೌಟು ಕೆಳಗಿಟ್ಬುಟ್ರು ಕಣ್ರೀ. ಇನ್ಮ್ಯಾಕೆ ಯಾವ ಮದ್ವೆಗೂ ಬರಕಿಲ್ವಂತೆ. ಭಾನುವಾರ ಅವ್ರ ಮನೇಲಿ ಊಟ, ನೀವು ಬರ್ಲೇಬೇಕಂತೆ."

ನಾನು ಗಾಬರಿಯಲ್ಲಿ ಕೇಳಿದೆ. "ಯಾಕೆ ರುದ್ರಣ್ಣ, ಏನಾಯ್ತು? ಕಣ್ಣಾ? ಕಾಲಾ?"

"ಅಯ್ಯೋ ಏನೂ ಇಲ್ಲ ಬುಡಿ, ಗುಂಡ್ಕಲ್ ಇದ್ದಂಗವ್ರೆ. ಮಂಡಿ ನೋವಂತೆ ಅಷ್ಟೇಯ."

ಮಂಡಿ ನೋವು! ಅಷ್ಟು ಜನರ ನಡುವೆ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೂವಿನವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೋಡಲಿ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯ, ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತು, ಕಡೆಗೆ ಊರಲ್ಲಿ ಎಲ್ಲರಿಗೂ ಬರುವ ಮಂಡಿ ನೋವಿಗೆ ಕೆಲಸ ಬಿಡುತ್ತಾರೆ ಎಂದರೆ ಅದಕ್ಕಿಂತ ದೊಡ್ಡ ಸುದ್ದಿ ನನ್ನಂಥವಳಿಗೆ ಇನ್ನೇನಿದೆ? ಅವತ್ತು ಏಳನೇ ತರಗತಿಗೆ ನಾನು ಲೆಕ್ಕ ಹೇಳಿದ್ದೋ, ಕಥೆ ಹೇಳಿದ್ದೋ ನನಗೇ ಗೊತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಜಂಗಮರ ಮನೆಯವರಾದ್ದರಿಂದ ಅಯ್ನೋರು, ಅಡುಗೆಯವರಾದ್ದರಿಂದ ಅಡುಗೆ ಅಯ್ನೋರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿಗೆ ಅಷ್ಟೇ ಹೆಸರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಾರೆ. ಕೊಪ್ಪರಿಗೆಯ ಆಚೆ ಕಡೆ ನಿಂತವರನ್ನು ಕರೆದು ಕರೆದು ಅಭ್ಯಾಸವಾಗಿ, ಎದುರಿಗೇ ಕೂತವರ ಹತ್ತಿರವೂ ಕೂಗಿಯೇ ಮಾತಾಡುತ್ತಾರೆ. ಖುಷಿಯಾದರೆ ತೊಡೆ ತಟ್ಟಿಕೊಳ್ಳುತ್ತಾರೆ, ಕೋಪ ಬಂದರೆ ಹಣೆ ತಟ್ಟಿಕೊಳ್ಳುತ್ತಾರೆ. ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ದಂಡಿನಶಿವರದಲ್ಲಿ, ನನ್ನ ನಾದಿನಿಯ ಸೀಮಂತದಲ್ಲಿ. ಆಗ ನನಗೆ ಕಾಯಿಲೆ ಗೊತ್ತಾಗಿ ಎಂಟು ತಿಂಗಳಾಗಿತ್ತು. ಮೂವತ್ಮೂರನೇ ವಯಸ್ಸಿಗೆ ಬಂದ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗಲಿಲ್ಲ. ನಿಮ್ಮ ಮೈಯಲ್ಲಿ ಇನ್ಸುಲಿನ್ನೇ ತಯಾರಾಗುತ್ತಿಲ್ಲ, ಜೀವ ಇರುವವರೆಗೂ ಸೂಜಿ ಎಂದು ತಿಪಟೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಇದು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಅತ್ತೆಗೆ ಹೇಳಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಅವರ ಕಿವಿಗೆ ಬಿದ್ದ ಮಾತು ತೋಟದಿಂದ ತೋಟಕ್ಕೆ ಹೋಗುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ 'ಸೂಜಿ ಸೊಸೆ' ಅನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ಸೀಮಂತದ ದಿನ ಊಟಕ್ಕೆ ಮುಂಚೆ ಉಗ್ರಾಣಕ್ಕೆ ನುಗ್ಗಿ, ತೆಂಗಿನಕಾಯಿ ರಾಶಿಯ ಹಿಂದೆ ಕೂತು, ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ಕಾಯಿ ತೆಗೆದುಕೊಳ್ಳಲು ಅಯ್ನೋರು ಒಳಗೆ ಬಂದೇಬಿಟ್ಟರು. ನನ್ನ ಕೈಯಲ್ಲಿ ಸೂಜಿ. ಕಳ್ಳಿಯಂತೆ ಕೂತಿದ್ದೆ. ಅವರು ಒಂದು ಕ್ಷಣ ನೋಡಿ, ಗೋಡೆಯ ಕಡೆ ತಿರುಗಿ ನಿಂತು, "ಮುಗಿಸ್ಕೊಳ್ಳಮ್ಮ, ನಾನ್ ನೋಡಕಿಲ್ಲ" ಎಂದರು. ಮುಗಿಸಿ ಎದ್ದ ಮೇಲೆ ತಿರುಗಿ, ತಮ್ಮ ಜುಬ್ಬಾ ಅಷ್ಟೆತ್ತರಕ್ಕೆ ಎತ್ತಿ ಹೊಟ್ಟೆ ತೋರಿಸಿದರು.

"ನೋಡಿಲ್ಲಿ. ನಂದು ಜರಡಿ ಆಗೋಗೈತೆ!"

ಎಂಟು ತಿಂಗಳಲ್ಲಿ ಮೊದಲ ಸಲ ನಾನು ಆ ಕಾಯಿಲೆಯ ವಿಷಯಕ್ಕೆ ನಕ್ಕಿದ್ದು ಆವಾಗ.

"ಈಗ ಏನ್ ಉಣ್ತೀಯ?" ಎಂದು ಕೇಳಿದರು. ಅನ್ನ, ಅರ್ಧ ಹೋಳಿಗೆ, ಒಂದಿಷ್ಟು ಪಾಯಸ, ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಅದಕ್ಕೇ ಇನ್ಸುಲಿನ್ನನ್ನೇ ಜಾಸ್ತಿ ಮಾಡಿದ್ದೇನೆ ಎಂದೆ. ಹಣೆ ತಟ್ಟಿಕೊಂಡರು. ಮುಗಿದು ಹೋಯಿತು, ಅವತ್ತು ನನ್ನನ್ನು ಒಲೆಯ ಪಕ್ಕದಲ್ಲೇ ಕೂರಿಸಿಕೊಂಡರು. ಇವರಿಗೆ ಪಿತ್ತ, ನಾನೇ ಪಥ್ಯ ಬಡಿಸುತ್ತೇನೆ ಎಂದು ಅತ್ತೆಗೆ ಸುಳ್ಳು ಹೇಳಿದರು. ಇಬ್ಬರಿಗೂ ಎಲೆ ಹಾಕಿಸಿದರು. ಆ ಎಲೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುರುಳಿಕಾಯಿ ಪಲ್ಯ ರಾಶಿ, ಅದರ ಮೇಲೆ ಅದರ ಅರ್ಧದಷ್ಟು ಕಾಯಿತುರಿ. ಎಣ್ಣೆಗಾಯಿ. ಹುಚ್ಚೆಳ್ಳು ಪುಡಿ, ಅದಕ್ಕೆ ಗುಳಿ ಮಾಡಿ ತುಪ್ಪ. ಸೌತೆಕಾಯಿ. ಲೋಟದ ತುಂಬ ಸೊಪ್ಪಿನ ಸಾರು, ಕುಡಿಯಲು. ಗಟ್ಟಿ ಮೊಸರು. ಎಲೆಯ ನಡುಮಧ್ಯೆ, ಅನ್ನವೋ ಮುದ್ದೆಯೋ ಇರಬೇಕಾದ ಜಾಗದಲ್ಲಿ, ಏನೂ ಇಲ್ಲ.

"ನಡುಮನೆ ಖಾಲಿ ಬುಟ್ಟಿದ್ದೀನಿ ಕಣಮ್ಮ. ಅಲ್ಲಿಗೆ ಯಾರನ್ನೂ ಸೇರ್ಸಲ್ಲ" ಎಂದು ತೊಡೆ ತಟ್ಟಿದರು. ನಾನು ಆಗಲೇ ಚುಚ್ಚಿಕೊಂಡಿದ್ದ ಸೂಜಿಗೆಂದು ಕೊನೆಗೆ ಎರಡು ಹೋಳಿಗೆ ಮಾತ್ರ ತಿನ್ನಿಸಿ ಕಳಿಸಿದರು, ಅದು ಯಾಕೆಂದು ನಾನು ಯೋಚಿಸಲಿಲ್ಲ.

ನಮ್ಮದು ಹಿಟ್ಟು ತಿಂದು ಬೆಟ್ಟ ಕಿತ್ತವರ ನಾಡು. ರಾಗಿ ತಿಂದವನು ನಿರೋಗಿ ಎಂದು ನನಗೂ ಹತ್ತು ಜನ ಹೇಳಿದ್ದರು, ಅದನ್ನು ನಂಬಿ ದಿನಕ್ಕೆ ಎರಡು ಮುದ್ದೆ ನುಂಗುತ್ತಿದ್ದೆ. ಅಯ್ನೋರು ನಂಬಿದ್ದು ಕೈಯಲ್ಲಿದ್ದ, ಸಕ್ಕರೆ ಅಳೆಯುವ ಮಿಷನ್ನನ್ನು. ಮುದ್ದೆ ಉಂಡು ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರಂತೆ. ಅನ್ನ ಉಂಡು ನೋಡಿದರು, ಚಪಾತಿ ತಿಂದು ನೋಡಿದರು, ಬರೀ ಪಲ್ಯ ಮೊಸರು ತಿಂದು ನೋಡಿದರು. ಎಲ್ಲವನ್ನೂ ಮದುವೆ ಮನೆಯ ಸಾಮಾನು ಪಟ್ಟಿಯ ಹಿಂದೆ ಬರೆದಿಟ್ಟು ಡಾಕ್ಟರ ಮುಂದೆ ಹರಡಿದರಂತೆ. "ನನ್ನ ಮೈಗೆ ಮುದ್ದೇನೂ ಒಂದೇ, ಹೋಳಿಗೇನೂ ಒಂದೇ ಸಾರ್. ಸೂಜಿ ಬುಡಕ್ಕಾಗಲ್ಲ, ಸರಿ. ಮುದ್ದೆ ಬುಡಬೌದಲ್ಲ?" ಡಾಕ್ಟರು ಚೀಟಿಗಳನ್ನೆಲ್ಲ ತಿರುಗಿಸಿ ನೋಡಿ, ಸ್ವಲ್ಪ ಸ್ವಲ್ಪವಾಗಿ ಇನ್ಸುಲಿನ್ ಇಳಿಸುತ್ತಾ ಬಂದರು. ಸಕ್ಕರೆ ಮೇಲೆ ಕೆಳಗೆ ಕುಣಿಯುವುದು ಕಡಿಮೆಯಾಯಿತು. ಕಾಯಿಲೆ ಬಂದ ಮೇಲೂ ಅಷ್ಟು ವರ್ಷ ಮೂರು ತಾಲ್ಲೂಕಿಗೆ ಹೋಳಿಗೆ ತಿನ್ನಿಸಿದ ಮನುಷ್ಯ ಒಂದು ಚೂರೂ ಬಾಯಿಗಿಟ್ಟಿರಲಿಲ್ಲ. ಪಾಕದ ಹದ ಬೆರಳಿಗೆ ಗೊತ್ತು, ಹೂರಣದ ಹದ ಮೂಗಿಗೆ ಗೊತ್ತು, ನಾಲಗೆ ಯಾಕೆ ಬೇಕು ಎನ್ನುತ್ತಿದ್ದರು.

ನಾನು ಮನೆಗೆ ಬಂದವಳೇ, ಅತ್ತೆಗೆ ಅದೇ ಪಿತ್ತದ ನೆಪ ಹೇಳಿ, ಮಾರನೆಯ ದಿನ ಮುದ್ದೆ ಬಿಟ್ಟೆ. ಇನ್ಸುಲಿನ್ ಮಾತ್ರ ಹಳೆಯಷ್ಟೇ ಚುಚ್ಚಿಕೊಂಡೆ. ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದಾಗ ಅಂಕಿಗಳು ಈಜತೊಡಗಿದವು. ಮೈಯೆಲ್ಲ ಬೆವರು, ಕಾಲು ನನ್ನದಲ್ಲ. ಯಾವುದೋ ಹುಡುಗಿ ಕೊಟ್ಟ ಚಾಕೊಲೇಟಿನಿಂದ ಉಳಿದೆ. ಸಂಜೆ ಫೋನಿನಲ್ಲಿ ಅಯ್ನೋರಿಗೆ ಹೇಳಿದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹತ್ತಿ ತುರುವೇಕೆರೆಗೆ ಬಂದು, ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಮುಖ ಸಣ್ಣಗಾಗಿತ್ತು.

"ಅರ್ಧ ಪಾಠ ಹೇಳಿ ಕಳಿಸ್ಬುಟ್ಟೆ, ನಂದೇ ತೆಪ್ಪು. ಬೆಂಕಿ ಹಂಗೇ ಇಟ್ಟು ನೀರು ಕಮ್ಮಿ ಮಾಡಿದ್ರೆ ತಳ ಹಿಡಿಯಕಿಲ್ವಾ? ಎರಡೂ ಜತೇಲೇ ಇಳೀಬೇಕು ಕಣಮ್ಮ. ಎಷ್ಟು ಇಳೀಬೇಕು ಅಂತ ನಾನ್ ಹೇಳಂಗಿಲ್ಲ, ನೀನೂ ಹೇಳಂಗಿಲ್ಲ, ಡಾಕ್ಟ್ರು ಹೇಳ್ಬೇಕು. ನಡಿ ತಿಪಟೂರಿಗೆ."

ಹೋದೆವು. ನಾನು ಲೆಕ್ಕದ ಟೀಚರು. ಆದರೂ ಬೆಂಕಿ ಮತ್ತು ನೀರಿನ ಆ ಲೆಕ್ಕ ನನಗೆ ಹೊಳೆದಿರಲಿಲ್ಲ. ಡಾಕ್ಟರು ಹೊಸ ಲೆಕ್ಕ ಹಾಕಿಕೊಟ್ಟರು. ಆಮೇಲೆ ನನಗೆ ಇನ್ನೊಂದು ಹುಚ್ಚು ಹಿಡಿಯಿತು. ಹತ್ತು ನಿಮಿಷಕ್ಕೊಮ್ಮೆ ಬೆರಳು ಚುಚ್ಚಿ ನೋಡುವುದು, ನೋಡಿ ಅಳುವುದು. ಅದಕ್ಕೂ ಅಯ್ನೋರ ಬೈಗುಳವೇ ಮದ್ದಾಯಿತು. "ಅಟ್ಟಕ್ಕೆ ಹಾಕಿದ ಕಾಯಿ ಕೊಬ್ರಿ ಆಗಕ್ಕೆ ವರ್ಷ ಬೇಕು. ದಿನಾ ಹತ್ತಿ ಅಲ್ಲಾಡ್ಸಿದ್ರೆ ಬೇಗ ಆಗ್ತದಾ? ನೋಡೋ ಹೊತ್ತಿಗೆ ನೋಡು, ಮಿಕ್ಕಿದ್ದಕ್ಕೆ ಮೂರು ತಿಂಗಳ ರಿಪೋರ್ಟ್ ಬರ್ತದೆ." ಬಂತು. ಡಾಕ್ಟರು ಆ ರಿಪೋರ್ಟನ್ನು ಎರಡು ಸಲ ಓದಿ, "ಏನಮ್ಮ ಮಾಡ್ದೆ?" ಎಂದರು. ಅವತ್ತು ತಿಪಟೂರಿನ ರಸ್ತೆಯಲ್ಲಿ ನಾನು ಕುಣಿಯುವುದೊಂದು ಬಾಕಿ!

ಅಯ್ನೋರ ಜುಬ್ಬಾಗೆ ಎರಡು ಜೇಬು, ಎರಡಕ್ಕೂ ಗುಂಡಿ. ಎಡ ಜೇಬಿನಲ್ಲಿ ಕೊಬ್ಬರಿ ಗಿಟುಕು, ಬಲ ಜೇಬಿನಲ್ಲಿ ಬೆಲ್ಲದ ಚೂರು. ಹಸಿವಾದರೆ ಎಡಕ್ಕೆ ಕೈ. ಸಕ್ಕರೆ ಇಳಿದು ಕೈ ನಡುಗಿದರೆ ಬಲಕ್ಕೆ ಕೈ. ತಪ್ಪಿಯೂ ಹಸಿವಿಗೆ ಬಲ ಜೇಬು ಮುಟ್ಟುತ್ತಿರಲಿಲ್ಲ. ಅದನ್ನು ಹೊಲಿದುಕೊಡುತ್ತಿದ್ದ ತಿಪಟೂರಿನ ಟೈಲರ್ ಸಾಬರು ಪ್ರತಿ ಸಲವೂ, "ಅಯ್ನೋರೆ, ಇದು ಜುಬ್ಬಾನೋ ತಕ್ಕಡಿನೋ?" ಎಂದು ಕೇಳುತ್ತಿದ್ದರಂತೆ.

ಬಲ ಜೇಬಿನ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ. ಅಯ್ನೋರಿಗೆ ಸಕ್ಕರೆ ಕಾಯಿಲೆ ಇದೆ, ಸಿಹಿ ಮುಟ್ಟುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಸೂಜಿ ಗೊತ್ತಿಲ್ಲ, ಸಕ್ಕರೆ ಇಳಿದು ತಲೆ ತಿರುಗುವುದು ಗೊತ್ತಿಲ್ಲ. "ಕುದಿಯೋ ಕೊಪ್ಪರಿಗೆ ಮುಂದೆ ಬೀಳೋ ಭಟ್ಟನ್ನ ಯಾರಮ್ಮ ಕರೀತಾರೆ? ನೀನೂ ಬಾಯ್ ಬುಡಬ್ಯಾಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ನನ್ನ ಗುಟ್ಟು ಅವರ ಹತ್ತಿರ, ಅವರ ಗುಟ್ಟು ನನ್ನ ಹತ್ತಿರ. ಇನ್ನೊಂದು ಆಣೆಯೂ ಇತ್ತು. ಮುದ್ದೆ ಬಿಟ್ಟ ಹೊಸದರಲ್ಲಿ ಪಾಯಸದ ಘಮಕ್ಕೆ ಮನಸ್ಸು ಹರಿದು, ರುದ್ರಣ್ಣನಿಂದ ಕೊಪ್ಪರಿಗೆ ಮುಟ್ಟಿಸಿ ಆಣೆ ಹಾಕಿಸಿದ್ದರು: "ನಾನು ಕೈ ಮುಗ್ದು ಕೇಳಿದ್ರೂ ನಂಗೆ ಸಿಹಿ ಕೊಡಬ್ಯಾಡ ಕಣ್ಲಾ." ರುದ್ರಣ್ಣ ಆಣೆಗೆ ತಪ್ಪುವ ಪೈಕಿಯಲ್ಲ.

ಇವೆಲ್ಲವೂ ಸೇರಿ ಮೇಲೆ ಬಿದ್ದದ್ದು ಚಿಕ್ಕನಾಯಕನಹಳ್ಳಿಯ ಛತ್ರದಲ್ಲಿ, ನಮ್ಮ ಮನೆಯವರ ದಾಯಾದಿ ಮಗಳ ಮದುವೆಯಲ್ಲಿ.

ಹಸಿದವನು ಬಡಿಸಬಾರದು ಎನ್ನುವುದು ಅಯ್ನೋರ ನಿಯಮ. ಮೊದಲ ಪಂಕ್ತಿಗೆ ಮುಂಚೆ ಅವರ ಊಟ ಆಗಬೇಕು. ಅವತ್ತೂ ಸೂಜಿ ಚುಚ್ಚಿಕೊಂಡು ಎಲೆ ಹಾಕಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಹುಡುಗಿಯ ಅಪ್ಪ ತಟ್ಟೆ ಹಿಡಿದು ಅಡುಗೆಮನೆಗೇ ಬಂದರು. ತಟ್ಟೆಯಲ್ಲಿ ಹೊಸ ಪಂಚೆ, ಅಂಗಿ, ಶಲ್ಯ. ಅಡುಗೆಯವರಿಗೆ ಬಟ್ಟೆ ಕೊಡುವುದು ನಮ್ಮಲ್ಲಿ ವಾಡಿಕೆ. ಕೊಟ್ಟದ್ದನ್ನು ಅಲ್ಲೇ ಉಡಬೇಕು, ಇಲ್ಲದಿದ್ದರೆ ಕೊಟ್ಟವರಿಗೆ ಬೇಜಾರು. ಅಯ್ನೋರು ಜುಬ್ಬಾ ಬಿಚ್ಚಿ ಗೂಟಕ್ಕೆ ಹಾಕಿ, ಹೊಸದು ತೊಟ್ಟು, ವೇದಿಕೆಗೆ ಹೋದರು. ಬೇಗ ಬರುತ್ತೇನೆ ಅಂದುಕೊಂಡಿದ್ದರು. ಅಲ್ಲಿ ಫೋಟೊದವನು, ಅಲ್ಲಿ ಬೀಗರು, ಅಲ್ಲಿ ಇನ್ನೊಂದು ಹಾರ. ಹಿಂದಿನ ದಿನದಿಂದ ನಿಂತೇ ಇದ್ದ ಮೈ. ಇತ್ತ ರುದ್ರಣ್ಣ, ಅಯ್ನೋರಿಗೆ ಹೊಸ ಬಟ್ಟೆ ಬಂತಲ್ಲ ಎನ್ನುವ ಖುಷಿಗೆ, ಗೂಟದಲ್ಲಿದ್ದ ಜುಬ್ಬಾ ತೆಗೆದು ಸೋಪಿನ ನೀರಿಗೆ ನೆನೆಹಾಕಿಬಿಟ್ಟ.

ನಾನು ಎಂದಿನಂತೆ ಅವರ ಜತೆ ಉಣ್ಣೋಣವೆಂದು ಅಡುಗೆಮನೆಗೆ ಹೋದೆ. ಅಯ್ನೋರು ಬಾಯಿ ಹೊಲಿದ ಸಕ್ಕರೆ ಮೂಟೆಗೆ ಒರಗಿ ನಿಂತಿದ್ದರು. ಹೊಸ ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಬಲಗೈ ಸೊಂಟದ ಹತ್ತಿರ ಇಲ್ಲದ ಜೇಬನ್ನು ತಡಕಾಡುತ್ತಿತ್ತು.

"ಬೆಲ್ಲ... ಒಂಚೂರು ಬೆಲ್ಲ ಕೊಡ್ಲಾ."

ರುದ್ರಣ್ಣ ನಕ್ಕ. "ಪರೀಕ್ಸೆ ಮಾಡ್ತಾ ಇದ್ದೀರಾ? ನಾನ್ ಕೊಡಕಿಲ್ಲಪ್ಪ!"

ಅಯ್ನೋರು ಕೈ ಮುಗಿದರು. ನಿಜವಾಗಿಯೂ, ಎರಡೂ ಕೈ ಜೋಡಿಸಿ. ರುದ್ರಣ್ಣ ಇನ್ನೂ ಜೋರಾಗಿ ನಕ್ಕ. "ಕೈ ಮುಗುದ್ರೂ ಕೊಡಬ್ಯಾಡ ಅಂದವ್ರು ನೀವೇಯ!" ಅಯ್ನೋರು ಮೂಟೆಯ ಪಕ್ಕದಲ್ಲೇ ಕುಸಿದು ಕೂತರು. ಸಕ್ಕರೆ ಮೂಟೆಗೆ ಒರಗಿಕೊಂಡು ಒಬ್ಬ ಮನುಷ್ಯ ಸಕ್ಕರೆಯಿಲ್ಲದೆ ಹೋಗುತ್ತಿದ್ದ!

ನಾನು ಪಾಯಸದ ಕೊಪ್ಪರಿಗೆಯತ್ತ ಓಡಿದೆ. ರುದ್ರಣ್ಣ ಸೌಟು ಅಡ್ಡ ಹಿಡಿದ. "ಬ್ಯಾಡಿ ಮೇಡಮ್ಮೋರೆ! ಸಕ್ರೆ ಕಾಯ್ಲೆ ಅವ್ರಿಗೆ, ಸತ್ತೋಗ್ತಾರೆ!"

"ಕೊಡದೆ ಇದ್ರೆ ಸಾಯ್ತಾರೆ ಕಣೋ! ಇನ್ಸುಲಿನ್ ತಗೊಂಡು ಉಂಡಿಲ್ಲ ಅವರು!"

"ನಿಮಗೇನ್ ಗೊತ್ತು?"

ಬಾಗಿಲ ಕಡೆ ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಗದ್ದಲಕ್ಕೆ ಜನ ಸೇರಿದ್ದರು. ಮುಂದೆ ನಿಂತಿದ್ದವರು ನಮ್ಮ ಅತ್ತೆ, ಕೈಯಲ್ಲಿ ಎಲೆ ಅಡಿಕೆ ತಟ್ಟೆ.

"ನಂಗೂ ಇದೇ ಕಾಯಿಲೆ ಕಣೋ! ದಿನಕ್ಕೆ ನಾಕು ಸೂಜಿ ಚುಚ್ಚಿಕೊಳ್ತೀನಿ. ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಬುಡೋ ಸೌಟು!"

ಛತ್ರಕ್ಕೆಲ್ಲ ಕೇಳಿಸಿರಬೇಕು. ರುದ್ರಣ್ಣನ ಕೈ ಸಡಿಲವಾಯಿತು. ಕೊಟ್ಟರೆ ನುಂಗುವಷ್ಟು ಎಚ್ಚರ ಅಯ್ನೋರಿಗೆ ಇನ್ನೂ ಇತ್ತು, ಅದೇ ಪುಣ್ಯ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ಲೋಟಕ್ಕೆ ಪಾಯಸ ಬಗ್ಗಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಅಷ್ಟರಲ್ಲಿ ರುದ್ರಣ್ಣ ನೀರಿಗೆ ಸಕ್ಕರೆ ಕದಡಿಕೊಂಡು ಅಳುತ್ತಾ ಬಂದ. ಅದನ್ನೂ ಕುಡಿಸಿದೆ. ಹತ್ತು ನಿಮಿಷವೋ ಹದಿನೈದು ನಿಮಿಷವೋ. ನಡುಕ ನಿಂತಿತು. ಮುಖಕ್ಕೆ ಬಣ್ಣ ಬಂತು. ಅಯ್ನೋರು ತುಟಿ ಸವರಿಕೊಂಡು, ಯೋಚಿಸಿ, ಮತ್ತೊಮ್ಮೆ ಸವರಿಕೊಂಡು ಹೇಳಿದರು.

"ಏಲಕ್ಕಿ ಜಾಸ್ತಿ ಆಗೈತೆ ಕಣ್ರೋ. ಇಷ್ಟು ವರ್ಷ ಒಬ್ರೂ ಹೇಳ್ಲಿಲ್ವಲ್ಲ!"

ಅಳುತ್ತಿದ್ದ ರುದ್ರಣ್ಣ ನಕ್ಕ, ಬಾಗಿಲಲ್ಲಿದ್ದವರು ನಕ್ಕರು, ನಗುತ್ತಾ ನಗುತ್ತಾ ನಾನೂ ಅತ್ತುಬಿಟ್ಟೆ. ಆಮೇಲೆ ಜುಬ್ಬಾ ನೆನೆಹಾಕಿದ್ದ ಬಕೆಟ್ಟಿನಲ್ಲಿ ನೋಡಿದರೆ ಎಡ ಜೇಬಿನ ಗುಂಡಿ ಬಿಚ್ಚಿಕೊಂಡು ಕೊಬ್ಬರಿ ಗಿಟುಕು ದೋಣಿಯಂತೆ ತೇಲುತ್ತಿತ್ತು. ಬಲ ಜೇಬಿನಲ್ಲಿ ಏನೂ ಉಳಿದಿರಲಿಲ್ಲ.

ಅವತ್ತು ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ನನ್ನ ಪಕ್ಕದಲ್ಲೇ ಕೂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಊರು ಹತ್ತಿರ ಬಂದಾಗ, "ನಾಕು ಸೂಜೀನೇನೆ? ನೋಯಕಿಲ್ವಾ?" ಎಂದರು. ಇಲ್ಲ ಎಂದೆ. "ಹೇಳ್ಬಾರ್ದಿತ್ತೇನೆ ನಂಗೆ. ಬ್ಯಾಡ ಬ್ಯಾಡ ಅಂದ್ರೂ ಬಲವಂತ ಮಾಡಿ ಮುದ್ದೆ ಇಕ್ಕಕ್ಕೆ ಬರ್ತಿದ್ನಲ್ಲೇ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ನನ್ನ ಗುಟ್ಟು ಹೋದದ್ದಕ್ಕೆ ನನಗೆ ಹಗುರವಾಯಿತು. ಅಯ್ನೋರ ಗುಟ್ಟು ಬಿಟ್ಟುಕೊಟ್ಟದ್ದು ಮಾತ್ರ ಕಲ್ಲಿನ ಹಾಗೆ ಕೂತಿತು. ಮದುವೆಗೆ ಅಡುಗೆಯವರನ್ನು ಗೊತ್ತುಮಾಡಲು ನಮ್ಮಲ್ಲಿ ವೀಳ್ಯ ಕೊಟ್ಟು ಹೋಗುತ್ತಾರೆ. ಮೂರು ವಾರ ಅಯ್ನೋರ ಮನೆಗೆ ಒಂದೂ ವೀಳ್ಯ ಬರಲಿಲ್ಲ. ಫೋನು ಮಾಡಿದರೆ, "ಬುಡಮ್ಮ, ಜೀವ ಉಳಿಸ್ದೆ, ಸೌಟು ಹೋಗ್ಲಿ" ಎನ್ನುತ್ತಿದ್ದರು. ಮೊದಲ ಸಲ ಮೆಲ್ಲಗೆ ಮಾತಾಡುತ್ತಿದ್ದರು. ಅದನ್ನು ಕೇಳಲಾಗುತ್ತಿರಲಿಲ್ಲ.

ನಾಲ್ಕನೇ ವಾರ ಶಾಲೆಯ ಬಿಡುವಿನಲ್ಲಿ ಫೋನು ಬಂತು. ಕಿವಿಯಿಂದ ದೂರ ಹಿಡಿದರೂ ಸ್ಟಾಫ್ ರೂಮಿಗೆಲ್ಲ ಕೇಳುತ್ತಿತ್ತು.

"ಬಂತು ಕಣಮ್ಮ! ಸಂಪಿಗೆ ಊರಿಂದ ವೀಳ್ಯ ಬಂತು! ಎಲೆ, ಅಡಿಕೆ, ತೆಂಗಿನಕಾಯಿ, ಅದ್ರ ಮ್ಯಾಲೆ ಏನಿತ್ತು ಹೇಳು? ಒಂದಚ್ಚು ಬೆಲ್ಲ! ಅಡುಗೆಮನೆ ಬಾಗ್ಲಲ್ಲೇ ಮಡಗಿರ್ತೀವಿ ಅಯ್ನೋರೆ, ಯಾವಾಗ ಬೇಕಾದ್ರೂ ತಗಳಿ ಅಂದ್ರು ಕಣಮ್ಮ!"

ಅಲ್ಲಿಂದ ಅದೇ ಪದ್ಧತಿಯಾಯಿತು. ಮೂರು ತಾಲ್ಲೂಕಿನಲ್ಲೂ ಅಯ್ನೋರಿಗೆ ವೀಳ್ಯ ಎಂದರೆ ಮೇಲೊಂದು ಅಚ್ಚು ಬೆಲ್ಲ. ರುದ್ರಣ್ಣ ಎರಡನೇ ಆಣೆ ಮಾಡಿದ: ಕೈ ನಡುಗಿದರೆ ಕೇಳದೆಯೇ ಕೊಡುತ್ತೇನೆ. ಏಲಕ್ಕಿಯನ್ನು ಒಂದು ಮದುವೆಯಲ್ಲಿ ಕಡಿಮೆ ಮಾಡಿ ನೋಡಿದರಂತೆ. ಇದು ಅಯ್ನೋರ ಕೈ ಪಾಯಸವೇ ಅಲ್ಲ ಎಂದು ಜನ ಗಲಾಟೆ ಮಾಡಿದ್ದರಿಂದ ಮತ್ತೆ ಹಳೆಯ ಅಳತೆಗೇ ಬಂದರು.

ನಿನ್ನೆ ಭಾನುವಾರ ಊಟಕ್ಕೆ ಹೋಗಿದ್ದೆವು, ನಾನೂ ಅತ್ತೆಯೂ. ಅಡುಗೆ ರುದ್ರಣ್ಣನದು. ಅಯ್ನೋರು ಮೊದಲ ಪಂಕ್ತಿಯಲ್ಲಿ ಕೂತಿದ್ದರು, ಎರಡು ಜೇಬಿನ ಹೊಸ ಜುಬ್ಬಾ ಹಾಕಿಕೊಂಡು. ನಾವು ಅವರ ಎದುರು ಸಾಲು. ಕೈ ಖಾಲಿ ಇಟ್ಟುಕೊಂಡು ಕೂರಲು ಬರದೆ ಎಲೆಯನ್ನು ನಾಲ್ಕು ಸಲ ತೊಳೆದರು. ರುದ್ರಣ್ಣ ಎಲ್ಲರ ಎಲೆಯ ತುದಿಗೂ ಉಪ್ಪು ಬಡಿಸುತ್ತಾ ಬಂದ. ಅಯ್ನೋರ ಎಲೆಗೆ ಉಪ್ಪು ಬಡಿಸಿ, ಅದರ ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಟ್ಟ. ಅಯ್ನೋರು ಆ ಬೆಲ್ಲವನ್ನೇ ನೋಡುತ್ತಾ ಕೂತರು. ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಆಗಲೇ.

ರುದ್ರಣ್ಣ ಸಾಲು ತಿರುಗಿ ನಮ್ಮ ಕಡೆ ಬಂದ. ಅತ್ತೆಗೆ ಉಪ್ಪು ಬಡಿಸಿದ, ನನಗೆ ಬಡಿಸಿದ, ಮುಂದಕ್ಕೆ ಹೆಜ್ಜೆ ಇಟ್ಟ.

"ಏಯ್ ರುದ್ರಣ್ಣ, ನಿಲ್ಲಪ್ಪ" ಎಂದರು ಅತ್ತೆ. "ನನ್ ಸೊಸೆ ಎಲೆ ತುದಿಗೂ ಒಂಚೂರು ಬೆಲ್ಲ ಇಕ್ಕು. ಅವ್ಳೂ ಸೂಜಿಯವ್ಳೇಯ."

ಇಡೀ ಪಂಕ್ತಿಗೆ ಕೇಳುವ ಹಾಗೆ, ಜೋರಾಗಿಯೇ ಹೇಳಿದರು.